ಹುಳಿ, ಕ್ಷಾರ, ಅಂಟುವಾಳ: ಮನೆಯಲ್ಲೇ ಮಾಡುವ ಕ್ಲೀನರ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅಂಟುವಾಳ, ಹಣ್ಣಿನ ಸಿಪ್ಪೆಯ ಎಂಜೈಮ್, ಹುಣಸೆ, ಬೂದಿ, ಸೋಡಾಗಳದ್ದೇ ಮಾತು. ಹೆಚ್ಚಿನವರ ತೊಡಕು ಒಂದೇ: ಯಾವುದು ಹುಳಿ, ಯಾವುದು ಕ್ಷಾರ ಎಂದು ನೋಡದೆ ಮನೆಯಲ್ಲಿ ಇದ್ದದ್ದನ್ನೆಲ್ಲ ಒಂದೇ ಬಾಟಲಿಗೆ ಸುರಿದಿರುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಪ್ರಶ್ನೆ: ವಿನೆಗರ್, ಅಡುಗೆ ಸೋಡಾ, ನಿಂಬೆರಸ ಮೂರನ್ನೂ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಟ್ಟಿದ್ದೇನೆ. ಬೆರೆಸುವಾಗ ನೊರೆ ಭರ್ಜರಿಯಾಗಿ ಉಕ್ಕುತ್ತದೆ. ಆದರೆ ಒಲೆ ಹಿಂದಿನ ಟೈಲ್ಸ್ ಮೇಲಿನ ಎಣ್ಣೆಜಿಡ್ಡು ಅಲ್ಲಾಡುವುದೇ ಇಲ್ಲ. ಅಳತೆ ತಪ್ಪಿತೇ? (ದಾವಣಗೆರೆ)

ಉತ್ತರ: ಅಳತೆಯಲ್ಲಿ ತಪ್ಪಿಲ್ಲ, ಜೋಡಿಯೇ ಸರಿಯಿಲ್ಲ. ವಿನೆಗರ್ ಹುಳಿ, ಸೋಡಾ ಕ್ಷಾರ. ಸೇರಿದ ಕೂಡಲೇ ಒಂದು ಇನ್ನೊಂದರ ಬಲವನ್ನು ಇಳಿಸಿಬಿಡುತ್ತದೆ. ಉಕ್ಕುವುದು ಕಾರ್ಬನ್ ಡೈಆಕ್ಸೈಡ್ ಅನಿಲ ಮಾತ್ರ. ಅದು ಹೋದಮೇಲೆ ಬಾಟಲಿಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅಂಗಡಿಯಲ್ಲಿ ಸಿಗುವ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟು ಅಸಿಟಿಕ್ ಆಸಿಡ್ ಇರುತ್ತದೆ. ಊಟದ ಚಮಚದಲ್ಲಿ ಒಂದು ಚಮಚ (ಸುಮಾರು 15 ಗ್ರಾಂ) ಅಡುಗೆ ಸೋಡಾ ಹೆಚ್ಚುಕಡಿಮೆ ಕಾಲು ಲೀಟರ್ ವಿನೆಗರ್‌ನ ಹುಳಿಯನ್ನು ಪೂರ್ತಿ ತಿಂದುಹಾಕುತ್ತದೆ. ಹಣ ಕೊಟ್ಟು ತಂದ ಎರಡು ಒಳ್ಳೆಯ ವಸ್ತುಗಳು ಹೀಗೆ ವ್ಯರ್ಥವಾಗುತ್ತವೆ. ಬೆರೆಸಿದ ಕೂಡಲೇ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುವ ಅಪಾಯ ಬೇರೆ.

ಎಣ್ಣೆಜಿಡ್ಡಿಗೆ ಬೇಕಾದದ್ದು ಕ್ಷಾರ ಅಥವಾ ನೊರೆಕೊಡುವ ವಸ್ತು. ನಲ್ಲಿಯ ಬಿಳಿ ಕಲೆ, ತುಕ್ಕು, ಹಿತ್ತಾಳೆಯ ಕಿಲುಬಿಗೆ ಬೇಕಾದದ್ದು ಹುಳಿ. ನಿಮ್ಮ ಟೈಲ್ಸ್‌ಗೆ ಹೀಗೆ ಮಾಡಿ: 1 ಲೀಟರ್ ಬಿಸಿ ನೀರಿಗೆ ಊಟದ ಚಮಚದಲ್ಲಿ ಒಂದು ಚಮಚ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ) ಕರಗಿಸಿ. ಅದರಲ್ಲಿ ಬಟ್ಟೆ ಅದ್ದಿ ಟೈಲ್ಸ್‌ಗೆ ಹಚ್ಚಿ ಐದು ನಿಮಿಷ ಬಿಡಿ, ಆಮೇಲೆ ಒರೆಸಿ. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸದಿದ್ದರೆ ಸೋಡಾ ಒಣಗಿ ಬಿಳಿ ಪುಡಿ ಕಾಣುತ್ತದೆ. ಕೈಗೆ ಗ್ಲೌಸ್ ಇರಲಿ, ಚರ್ಮದ ಎಣ್ಣೆಯನ್ನೂ ಅದು ಬಿಡುವುದಿಲ್ಲ.

ಕೈಯಲ್ಲಿರುವುದು ಕ್ಷಾರವೋ ಅಲ್ಲವೋ ಎಂಬ ಅನುಮಾನ ಬಂದರೆ ಪರೀಕ್ಷೆಗೆ ಅರಿಶಿನ ಸಾಕು. ಚಿಟಿಕೆ ಅರಿಶಿನವನ್ನು ನೀರಲ್ಲಿ ಕದಡಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ವಾಷಿಂಗ್ ಸೋಡಾ ನೀರಿನ ಹನಿ ಬಿದ್ದಲ್ಲಿ ಕಾಗದ ಕೂಡಲೇ ಕೆಂಪಾಗುತ್ತದೆ, ಬೂದಿ ನೀರಿಗೂ ಕೆಂಪಾಗುತ್ತದೆ. ವಿನೆಗರ್, ಅಂಟುವಾಳದ ನೀರು ಬಿದ್ದಲ್ಲಿ ಹಳದಿಯೇ ಉಳಿಯುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ನೀರು ಕೆಂಪಾಗುವುದು ಇದೇ ಕಾರಣಕ್ಕೆ. ಸಾರಿನ ಕಲೆ ಬಿದ್ದ ಅಂಗಿಗೆ ಸೋಪು ಹಾಕಿದಾಗ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುವುದೂ ಇದರಿಂದಲೇ. ಆ ಕಲೆಯನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ.

ಪ್ರಶ್ನೆ: ಅಂಟುವಾಳದ ಲಿಕ್ವಿಡ್ ಮಾಡಿದರೆ ಮೂರನೇ ದಿನಕ್ಕೆ ಹುಳಿ ವಾಸನೆ, ಐದನೇ ದಿನಕ್ಕೆ ಮೇಲೆ ಬೂಷ್ಟು. ನೀರಿನಷ್ಟೇ ತೆಳ್ಳಗಿರುವುದರಿಂದ ಪಾತ್ರೆ ತಿಕ್ಕುವವರು "ಇದರಲ್ಲಿ ಸತ್ವವೇ ಇಲ್ಲ" ಎನ್ನುತ್ತಾರೆ. ಗಟ್ಟಿಯಾಗಲೆಂದು ಉಪ್ಪು ಹಾಕಿ ನೋಡಿದೆ, ಏನೂ ಆಗಲಿಲ್ಲ. (ಶಿರಸಿ)

ಉತ್ತರ: ಅಂಟುವಾಳ, ನೊರೆಕಾಯಿ ಎಂದೆಲ್ಲ ಕರೆಯುವ ಈ ಕಾಯಿಯ ಸತ್ವ ಇರುವುದು ಹೊರಗಿನ ಸಿಪ್ಪೆಯಲ್ಲಿ. ನೊರೆ ಕೊಡುವ ಸಪೋನಿನ್ ಅಲ್ಲೇ ಇದೆ. ಒಳಗಿನ ಕಪ್ಪು ಬೀಜದಿಂದ ನೊರೆ ಬರುವುದಿಲ್ಲ, ಆದರೆ ಇಡೀ ಕಾಯಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಅದರದ್ದೇ. ಬೀಜ ಸಮೇತ ತೂಗಿ ಅಳತೆ ಹಾಕಿದ್ದರೆ ನಿಮ್ಮ ಲಿಕ್ವಿಡ್ ಅರ್ಧ ಬಲದ್ದಾಗಿರುತ್ತದೆ. ಒಂದೆರಡು ದಿನ ಬಿಸಿಲಿಗೆ ಹರಡಿ, ಕಲ್ಲಿನಿಂದ ಮೆಲ್ಲಗೆ ಕುಟ್ಟಿದರೆ ಬೀಜ ತಾನಾಗಿ ಬೇರೆಯಾಗುತ್ತದೆ.

ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ, ಅಳತೆಗಿಂತ ಎರಡು ಪಟ್ಟು ದೊಡ್ಡ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಕುದಿಸಿ. ಪಾತ್ರೆ ಚಿಕ್ಕದಾದರೆ ನೊರೆ ಉಕ್ಕಿ ಒಲೆಯೆಲ್ಲ ರಾಡಿ. ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಹಳೆಯ ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿ. ಉಳಿದ ಚರಟಕ್ಕೆ ಅರ್ಧ ಲೀಟರ್ ನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ನೆಲ ಒರೆಸಲು ಸಾಕಾಗುವಷ್ಟು ತೆಳು ನೀರು ಸಿಗುತ್ತದೆ. ಕಿವುಚುವಾಗ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಅದರ ಉರಿ ಶಾಂಪೂವಿನಂತೆ ಬೇಗ ಇಳಿಯುವುದಿಲ್ಲ. ಹಾರಿದರೆ ತಣ್ಣೀರಿನಲ್ಲಿ ಹಲವು ನಿಮಿಷ ತೊಳೆಯಿರಿ, ಉರಿ ಇಳಿಯದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ.

ಕೆಡುವ ವಿಚಾರ. ಸಿಪ್ಪೆಯಲ್ಲಿ ಸಕ್ಕರೆಯ ಅಂಶವೂ ಇದೆ, ನೀರೂ ಸೇರಿದೆ. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುದುಗು ಬರುವುದು ಸಹಜ. ಅನೇಕರು ಹೇಳಿಕೊಡುವಂತೆ ಇಡೀ ನಿಂಬೆಹಣ್ಣನ್ನು ಬೇಯಿಸಿ ಮಿಕ್ಸಿಯಲ್ಲಿ ರುಬ್ಬಿ ಸೇರಿಸಿದರೆ ಇನ್ನೂ ಬೇಗ ಕೆಡುತ್ತದೆ. ತಿರುಳು ಬೂಷ್ಟಿಗೆ ಆಹಾರ, ಸಾಲದ್ದಕ್ಕೆ ಪಾತ್ರೆಯ ಅಂಚಿಗೂ ಅಂಟಿಕೊಳ್ಳುತ್ತದೆ. ಉಳಿಸಿಕೊಳ್ಳುವ ದಾರಿ ಮೂರಿವೆ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಐಸ್ ಟ್ರೇಗೆ ಹುಯ್ದು ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ, ಬೇಕಾದಾಗ ಎರಡು ಮೂರು ತುಂಡು ತೆಗೆದು ಬಿಸಿ ನೀರಿಗೆ ಹಾಕಿದರಾಯಿತು. ಹೊರಗೇ ಇಡಬೇಕೆಂದರೆ 1 ಲೀಟರಿಗೆ ಟೀ ಚಮಚದಲ್ಲಿ ಒಂದು ಚಮಚ ಸಿಟ್ರಿಕ್ ಆಸಿಡ್ ಮತ್ತು 1 ಗ್ರಾಂ ಸೋಡಿಯಂ ಬೆಂಜೊಯೇಟ್ ಬಿಸಿಯಿರುವಾಗಲೇ ಕರಗಿಸಿ, ಎರಡು ಮೂರು ವಾರ ನಿಶ್ಚಿಂತೆ. ಬೆಂಜೊಯೇಟ್ ಉಪ್ಪಿನಕಾಯಿ, ಜ್ಯೂಸ್‌ಗಳಲ್ಲಿ ಬಳಸುವ ಸಂರಕ್ಷಕ. ಹುಳಿ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ, ಅದಕ್ಕೇ ಸಿಟ್ರಿಕ್ ಆಸಿಡ್ ಬಿಡಬೇಡಿ. ಇದ್ಯಾವುದೂ ಬೇಡವೆಂದರೆ ಸಿಪ್ಪೆಯನ್ನು ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿ ಗಾಳಿಯಾಡದ ಡಬ್ಬದಲ್ಲಿಡಿ. ನಮ್ಮ ಮಟ್ಟಿಗೆ ಪುಡಿಯೇ ಎಲ್ಲಕ್ಕಿಂತ ಸುಲಭ. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀನು ನಿಲ್ಲುವುದಿಲ್ಲ.

ಉಪ್ಪು ಹಾಕಿದರೆ ಗಟ್ಟಿಯಾಗುವುದು ಅಂಗಡಿಯ ಡಿಟರ್ಜೆಂಟ್ ಲಿಕ್ವಿಡ್‌ಗಳು. ಅವುಗಳಲ್ಲಿನ ರಾಸಾಯನಿಕದ ಗುಣವೇ ಬೇರೆ. ಅಂಟುವಾಳಕ್ಕೆ ಉಪ್ಪು ಸುರಿಯುವುದು ದಂಡ. ತೆಳ್ಳಗಿದ್ದರೆ ಇರಲಿ, ಹ್ಯಾಂಡ್‌ವಾಶ್‌ಗೆ ಬರುವ ನೊರೆಪಂಪಿನ ಬಾಟಲಿಗೆ ತುಂಬಿಕೊಡಿ. ಒತ್ತಿದರೆ ನೊರೆಯೇ ಬರುವುದರಿಂದ ತಿಕ್ಕುವವರ ದೂರೂ ಇರುವುದಿಲ್ಲ, ಲಿಕ್ವಿಡ್ ಖರ್ಚೂ ಕಡಿಮೆ. ಜಿಡ್ಡು ಸಿಕ್ಕ ಕೂಡಲೇ ಅಂಟುವಾಳದ ನೊರೆ ಇಳಿದುಹೋಗುತ್ತದೆ. ಒಗ್ಗರಣೆ ಸೌಟು, ಬಾಣಲೆಗಳನ್ನು ಮೊದಲು ಒಂದು ಚಮಚ ಕಡಲೆಹಿಟ್ಟು ಅಥವಾ ಸೀಗೆಪುಡಿ ಉದುರಿಸಿ ಒರೆಸಿಕೊಂಡು ಆಮೇಲೆ ತೊಳೆಯಲು ಹೇಳಿ.

ಪ್ರಶ್ನೆ: ಫ್ರಂಟ್ ಲೋಡ್ ಮಷಿನ್‌ಗೆ ಬಟ್ಟೆ ಚೀಲದಲ್ಲಿ ಅಂಟುವಾಳ ಹಾಕಿ ಒಗೆಯುತ್ತಿದ್ದೇವೆ. ಕೆಲವು ತಿಂಗಳಲ್ಲಿ ಬಿಳಿ ಶರ್ಟುಗಳೆಲ್ಲ ಮಾಸಲಾಗಿವೆ. (ಬೆಂಗಳೂರು)

ಉತ್ತರ: ತಣ್ಣೀರಿನಲ್ಲಿ, ಚೀಲದೊಳಗಿನ ಇಡೀ ಸಿಪ್ಪೆಯಿಂದ ಸಪೋನಿನ್ ಅಷ್ಟಾಗಿ ಇಳಿಯುವುದಿಲ್ಲ. ಹೀಗಾಗಿ ನಿಮ್ಮ ಬಟ್ಟೆಗಳು ಬಹುಪಾಲು ಬರೀ ನೀರಿನಲ್ಲೇ ಒಗೆದಂತಾಗಿವೆ. ಒಂದೋ 40 ಡಿಗ್ರಿಯ ಪ್ರೋಗ್ರಾಂ ಹಾಕಿ, ಇಲ್ಲವೇ ಮೇಲೆ ಹೇಳಿದಂತೆ ಕುದಿಸಿ ಸೋಸಿದ ಲಿಕ್ವಿಡ್ 100 ಮಿಲಿ ಹಾಕಿ. ಎರಡನೇ ಕಾರಣ, ಅಂಗಡಿಯ ಪೌಡರ್‌ನಲ್ಲಿ ಬಟ್ಟೆ ಬೆಳ್ಳಗೆ ಕಾಣುವಂತೆ ಮಾಡುವ ಹೊಳಪುಕಾರಕಗಳಿರುತ್ತವೆ, ಅಂಟುವಾಳದಲ್ಲಿ ಅಂಥದ್ದೇನೂ ಇಲ್ಲ. ಜೊತೆಗೆ ಗಟ್ಟಿ ಲಿಕ್ವಿಡ್‌ಗೆ ಕಂದು ಬಣ್ಣವೂ ಇದೆ.

ಬಿಳಿ ಹತ್ತಿ ಬಟ್ಟೆಗೆ ತಿಂಗಳಿಗೊಮ್ಮೆ, ಅರ್ಧ ಬಕೆಟ್ ಬಿಸಿ ನೀರಿಗೆ (ಸುಮಾರು 50 ಡಿಗ್ರಿ) ಊಟದ ಚಮಚದಲ್ಲಿ ಎರಡು ಚಮಚ ಸೋಡಿಯಂ ಪರ್‌ಕಾರ್ಬೊನೇಟ್ ಕರಗಿಸಿ, ಎರಡು ಗಂಟೆ ನೆನೆಸಿ ಒಗೆಯಿರಿ. ನೀರಿನಲ್ಲಿ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ, ಕ್ಲೋರಿನ್ ಇಲ್ಲ. ರೇಷ್ಮೆ, ಉಣ್ಣೆಗೆ ಮಾತ್ರ ಬೇಡ. ಅವೆರಡಕ್ಕೂ ಕ್ಷಾರ ಆಗುವುದಿಲ್ಲ. ರೇಷ್ಮೆ ಸೀರೆಗೆ ಅಂಟುವಾಳಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದೇ ಹೇಳಬೇಕು. ತುಸು ಹುಳಿಯ ಕಡೆಗಿರುವ ಮೆದು ನೊರೆ ಅದರದ್ದು, ಗಡಸು ನೀರಿನಲ್ಲೂ ಸೋಪಿನಂತೆ ಬಿಳಿ ಗಸಿ ಕಟ್ಟುವುದಿಲ್ಲ. ಬಣ್ಣ ಬಿಡುವ ಸೀರೆಯೇ ಎಂದು ಸೆರಗಿನ ಒಳಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿಕೊಂಡೇ ಅದ್ದಿ.

ಪ್ರಶ್ನೆ: ಬಯೋ ಎಂಜೈಮ್ (ಹಣ್ಣಿನ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿದ ದ್ರವ) ಹಾಕಿಟ್ಟು ಒಂದು ತಿಂಗಳಾಯಿತು. ಮೇಲೆ ಬಿಳಿ ಕೆನೆ ಕಟ್ಟಿದೆ, ಅಲ್ಲಲ್ಲಿ ಕಪ್ಪು ಚುಕ್ಕೆಯೂ ಕಾಣುತ್ತಿದೆ. ಚೆಲ್ಲಬೇಕೇ? ಮೊದಲ ಸಲ ಗಾಜಿನ ಭರಣಿಯಲ್ಲಿ ಮಾಡಿದಾಗ ಭರಣಿಯೇ ಒಡೆಯಿತು. (ಮೈಸೂರು)

ಉತ್ತರ: ಗಾಜನ್ನು ಮತ್ತೆ ಮುಟ್ಟಬೇಡಿ. ಮೊದಲ ತಿಂಗಳಲ್ಲಿ ಅನಿಲ ಜೋರಾಗಿ ಬರುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬವೇ ಆಗಬೇಕು. ಪ್ರಮಾಣ ಎಲ್ಲರಿಗೂ ಗೊತ್ತಿರುವುದೇ: ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು, ಎಲ್ಲವೂ ತೂಕದಲ್ಲಿ. 5 ಲೀಟರಿನ ಕ್ಯಾನಿಗೆ 300 ಗ್ರಾಂ ಬೆಲ್ಲ, 900 ಗ್ರಾಂ ಸಿಪ್ಪೆ, 3 ಲೀಟರ್ ನೀರು ಹಾಕಿದರೆ ಮೇಲೆ ಸಾಕಷ್ಟು ಜಾಗ ಉಳಿಯುತ್ತದೆ. ಈ ಜಾಗವೇ ಮುಖ್ಯ, ಕಂಠಮಟ್ಟ ತುಂಬಿದರೆ ಉಕ್ಕಿ ಚೆಲ್ಲುತ್ತದೆ. ಮೊದಲ 30 ದಿನ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ "ಬುಸ್" ಎಂದು ಗಾಳಿ ಹೋಗಲು ಬಿಟ್ಟು, ಸಿಪ್ಪೆಯನ್ನು ಕೆಳಗೆ ಒತ್ತಿ, ಮತ್ತೆ ಮುಚ್ಚಿ. ಒಟ್ಟು 90 ದಿನ. ಅರ್ಧ ಟೀ ಚಮಚ ಯೀಸ್ಟ್ ಹಾಕಿದರೆ ಅರ್ಧದಷ್ಟು ಕಾಲ ಉಳಿತಾಯವಾಗುತ್ತದೆ.

ಬಿಳಿ, ತೆಳ್ಳಗೆ, ಸುಕ್ಕುಗಟ್ಟಿದ ಕೆನೆ ಕಾಡು ಯೀಸ್ಟಿನದು. ಅದರಿಂದ ತೊಂದರೆಯಿಲ್ಲ, ಕಲಕಿಬಿಡಿ. ಕಪ್ಪು ಅಥವಾ ಹಸಿರು, ಹತ್ತಿಯಂತೆ ಎದ್ದ ಬೂಷ್ಟು ಬೇರೆ ಜಾತಿ. ಸಿಪ್ಪೆ ನೀರಿನ ಮೇಲೆ ತೇಲಿ ಒಣಗಿದಲ್ಲಿ ಅದು ಬೆಳೆಯುತ್ತದೆ. ನಾಲ್ಕಾರು ಚುಕ್ಕೆಯಷ್ಟೇ ಇದ್ದು ವಾಸನೆ ಇನ್ನೂ ಹುಳಿಹುಳಿಯಾಗಿ, ಹಣ್ಣಿನಂತೆ ಇದ್ದರೆ ಆ ಸಿಪ್ಪೆಗಳನ್ನು ಸುತ್ತಲಿನದರ ಜೊತೆ ತೆಗೆದುಹಾಕಿ, 100 ಗ್ರಾಂ ಬೆಲ್ಲ ಸೇರಿಸಿ ಕಲಕಿ ಮುಂದುವರಿಸಿ. ಕೊಳೆತ ವಾಸನೆ ಬಂದಿದ್ದರೆ ಅಥವಾ ಮೇಲೆಲ್ಲ ಬೂಷ್ಟು ಹರಡಿದ್ದರೆ ಗೊಬ್ಬರದ ಗುಂಡಿಗೆ ಸುರಿಯಿರಿ, ಉಳಿಸಿಕೊಳ್ಳುವ ಆಸೆ ಬೇಡ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಚುಕ್ಕೆ ಕಂಡರೂ ಚೆಲ್ಲುವುದೇ ಕ್ಷೇಮ. ಬರೀ ನಿಂಬೆಸಿಪ್ಪೆ ಹಾಕಿದವರಿಗೆ ಹುದುಗು ನಿಧಾನ. ಸಿಪ್ಪೆಯ ಎಣ್ಣೆ ಯೀಸ್ಟನ್ನು ತಡೆಯುತ್ತದೆ. ಮೋಸಂಬಿ, ಕಿತ್ತಳೆ ಸಿಪ್ಪೆ ಹೆಚ್ಚಿರಲಿ, ನಿಂಬೆ ಅರ್ಧಕ್ಕಿಂತ ಕಡಿಮೆ ಸಾಕು.

ಇನ್ನು, ಅದರ ಶಕ್ತಿಯ ಬಗ್ಗೆ. ಯೀಸ್ಟು ಬೆಲ್ಲವನ್ನು ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಸಿಡ್ ಮಾಡುತ್ತದೆ. ಅಂದರೆ ಕೈಗೆ ಸಿಗುವುದು ಮುಖ್ಯವಾಗಿ ಸಿಪ್ಪೆಯ ಪರಿಮಳವಿರುವ ತೆಳು ವಿನೆಗರ್. ನೆಲ ಒರೆಸಲು 1 ಲೀಟರ್ ನೀರಿಗೆ 50 ಮಿಲಿ, ಸಿಂಕು ಮತ್ತು ಬಚ್ಚಲ ಟೈಲ್ಸ್‌ಗೆ 100 ಮಿಲಿ, ಕಮೋಡಿಗೆ ನೀರು ಬೆರೆಸದೆ ಹಾಗೆಯೇ. ಒಂಟಿಯಾಗಿ ಅದು ಎಣ್ಣೆಜಿಡ್ಡು ಬಿಡಿಸುವುದಿಲ್ಲ. ಪಾತ್ರೆಗಾದರೆ ಎಂಜೈಮ್ 1 ಪಾಲು, ಅಂಟುವಾಳದ ಲಿಕ್ವಿಡ್ 1 ಪಾಲು, ನೀರು 5 ಪಾಲು ಬೆರೆಸಿ. ಬಾಟಲಿಯ ಮೇಲೆ ಹೆಸರು ಬರೆದಿಡಿ, ಜ್ಯೂಸ್ ಎಂದು ಮಕ್ಕಳು ಬಾಯಿಗಿಟ್ಟುಕೊಳ್ಳುವ ಬಣ್ಣ ಅದರದ್ದು.

ಪ್ರಶ್ನೆ: ಮನೆಗೆಲ್ಲ ಶಹಾಬಾದ್ ಫರ್ಸಿ, ಅಡುಗೆ ಕಟ್ಟೆಗೆ ಕಡಪ ಕಲ್ಲು. ನಿಂಬೆರಸ, ಎಂಜೈಮ್ ಹಾಕಿ ಒರೆಸತೊಡಗಿದ ಮೇಲೆ ಬಿಳಿಚಿಕೊಂಡ ಕಲೆಗಳು ಬಂದಿವೆ. ಏನು ಹಾಕಿದರೂ ಹೋಗುತ್ತಿಲ್ಲ. (ಕಲಬುರಗಿ)

ಉತ್ತರ: ಅದು ಕಲ್ಲಿನ ಮೇಲೆ ಕುಳಿತ ಕಲೆಯಲ್ಲ, ಕಲ್ಲೇ ಸವೆದ ಗುರುತು. ಶಹಾಬಾದ್, ಕಡಪ ಎರಡೂ ಸುಣ್ಣದ ಕಲ್ಲುಗಳು, ಮಾರ್ಬಲ್ ಕೂಡ ಅದೇ ಬಳಗ. ಹುಳಿ ಬಿದ್ದರೆ ಮೇಲ್ಮೈಯ ಸುಣ್ಣ ಕರಗುತ್ತದೆ. ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಹತ್ತಿರದಿಂದ ನೋಡಿ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಗ್ರಾನೈಟ್ ಮೇಲೆ ಏಳುವುದಿಲ್ಲ. ಹೋದ ಹೊಳಪು ತೊಳೆದರೆ ಬರುವುದಿಲ್ಲ, ಪಾಲಿಶ್ ಮಾಡುವವರನ್ನೇ ಕರೆಸಬೇಕು. ಇನ್ನು ಮುಂದೆ 1 ಲೀಟರ್ ನೀರಿಗೆ ಊಟದ ಚಮಚದಲ್ಲಿ ಒಂದು ಚಮಚ ಅಂಟುವಾಳದ ಲಿಕ್ವಿಡ್, ಅಷ್ಟೇ. ಅದಕ್ಕೆ ಸಿಟ್ರಿಕ್ ಆಸಿಡ್ ಸೇರಿಸಿರಬಾರದು. ರೆಡ್ ಆಕ್ಸೈಡ್ ನೆಲ, ಮೊಸಾಯಿಕ್ ಇರುವವರಿಗೂ ಇದೇ ಮಾತು. ಅವುಗಳಲ್ಲಿರುವ ಸಿಮೆಂಟಿಗೂ ಹುಳಿ ಆಗದು.

ಪ್ರಶ್ನೆ: ಹುಣಸೆಹಣ್ಣು, ಉಪ್ಪು ಹಚ್ಚಿ ಬೆಳಗಿದ ಹಿತ್ತಾಳೆ ದೀಪಗಳು ಎರಡೇ ದಿನಕ್ಕೆ ಕಪ್ಪಾಗುತ್ತವೆ. ರಾತ್ರಿಯಿಡೀ ಹುಣಸೆನೀರಲ್ಲಿ ನೆನೆಸಿದ ಒಂದು ದೀಪ ಗುಲಾಬಿ ಬಣ್ಣಕ್ಕೆ ತಿರುಗಿದೆ. ಬೆಳ್ಳಿಗೂ ಹುಣಸೆ ಆಗುತ್ತದೆಯೇ? (ಉಡುಪಿ)

ಉತ್ತರ: ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿಯಲ್ಲಿ ತಾಸುಗಟ್ಟಲೆ ಬಿಟ್ಟರೆ ಸತು ಕರಗಿ ಹೋಗಿ ಮೇಲೆ ತಾಮ್ರ ಉಳಿಯುತ್ತದೆ. ನಿಮ್ಮ ದೀಪದ ಗುಲಾಬಿ ಬಣ್ಣ ಅದೇ. ತೆಳುವಾಗಿದ್ದರೆ ನುಣ್ಣಗೆ ಜರಡಿ ಹಿಡಿದ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ತಾಳ್ಮೆಯಿಂದ ಉಜ್ಜಿದರೆ ಹಳದಿ ಮರಳುತ್ತದೆ.

ನಿಂಬೆಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿ ನೀರಲ್ಲಿ ಕಿವುಚಿ, ಒಂದು ಟೀ ಚಮಚ ಉಪ್ಪು ಹಾಕಿ, ಹಚ್ಚಿ ಐದು ನಿಮಿಷದೊಳಗೆ ತಿಕ್ಕಿ ತೊಳೆಯಬೇಕು. ಬೇಗ ಕಪ್ಪಾಗಲು ಕಾರಣ ಕೆತ್ತನೆಯ ಸಂದಿಯಲ್ಲಿ ಉಳಿದ ಹುಳಿ ಮತ್ತು ಉಪ್ಪು. ಉಡುಪಿಯ ತೇವದ ಗಾಳಿಯಲ್ಲಿ ಅದು ಇನ್ನೂ ಬೇಗ ಕೆಲಸ ಶುರುಮಾಡುತ್ತದೆ. ತೊಳೆದಾದ ಮೇಲೆ 1 ಲೀಟರ್ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಕರಗಿಸಿ ಅದರಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಮತ್ತೆ ಬರೀ ನೀರು. ಕೂಡಲೇ ಒಣ ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಿಸಿಲಿಗಿಡಿ. ತಾನಾಗಿ ಒಣಗಲು ಬಿಡಬಾರದು. ಅಡುಗೆಯ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗೆ ಕಲಾಯಿ ಇದ್ದರೆ ಹುಣಸೆಯಿಂದ ಹೊರಮೈಯನ್ನಷ್ಟೇ ಬೆಳಗಿ. ಕಲಾಯಿ ಸವೆದ ಪಾತ್ರೆಯಲ್ಲಿ ಸಾರು, ಹುಳಿ ಮಾಡಲೇಬೇಡಿ.

ಬೆಳ್ಳಿಯ ಕಪ್ಪು ಬೇರೆ ಬಗೆಯದು, ಗಂಧಕ ಸೇರಿ ಆದದ್ದು. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಸಾಮಾನು ಅದಕ್ಕೆ ತಾಗುವಂತೆ ಇಟ್ಟು, 1 ಲೀಟರ್ ಕುದಿನೀರಿಗೆ ಊಟದ ಚಮಚದಲ್ಲಿ ಒಂದು ಚಮಚ ಅಡುಗೆ ಸೋಡಾ, ಟೀ ಚಮಚದಲ್ಲಿ ಒಂದು ಚಮಚ ಉಪ್ಪು ಕರಗಿಸಿ ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಸವೆಯುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ. ಹರಳು ಕೂರಿಸಿದ್ದು, ಬೇಕೆಂದೇ ಕಪ್ಪು ಕೊಟ್ಟ ಕುಸುರಿ ಇದ್ದದ್ದಕ್ಕೆ ಇದು ಬೇಡ, ಒಣ ವಿಭೂತಿಯಿಂದ ಮೆಲ್ಲಗೆ ಒರೆಸಿದರೆ ಸಾಕು.

ಪ್ರಶ್ನೆ: ಬೋರ್‌ವೆಲ್ ನೀರು. ನಲ್ಲಿ, ಷವರ್ ತುಂಬ ಬಿಳಿ ಪೊರೆ, ಕಮೋಡಿನ ಒಳಗೆ ಹಳದಿ ಗಟ್ಟಿ ಪದರ. ಆಸಿಡ್ ಬಾಟಲಿ ತರಲು ಮನಸ್ಸಿಲ್ಲ. (ಕೋಲಾರ)

ಉತ್ತರ: ಗ್ರಂದಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ನಿಮಗೆ ಬೇಕಾದದ್ದು. 1 ಲೀಟರ್ ಬೆಚ್ಚಗಿನ ನೀರಿಗೆ ಊಟದ ಚಮಚದಲ್ಲಿ ಎರಡು ಚಮಚ. ಅದರಲ್ಲಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ 20 ನಿಮಿಷ ಬಿಡಿ, ಷವರ್‌ಗಾದರೆ ಪ್ಲಾಸ್ಟಿಕ್ ಕವರಿನಲ್ಲಿ ನೀರು ತುಂಬಿ ರಬ್ಬರ್ ಬ್ಯಾಂಡ್ ಹಾಕಿ. ಪೊರೆ ದಪ್ಪವಿದ್ದರೆ ಮರುದಿನ ಇನ್ನೊಮ್ಮೆ ಮಾಡಿ. ಒಂದೇ ಸಲಕ್ಕೆ ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಮಬ್ಬಾಗುತ್ತದೆ. ಚಿನ್ನದ ಬಣ್ಣದ ನಲ್ಲಿಗಳಿಗೆ ಬೇಡವೇ ಬೇಡ. ಇದೇ ನೀರನ್ನು ಕೆಟಲ್‌ಗೆ ಬಳಸುವಾಗ ಕುದಿಸಬೇಡಿ. ಸಿಟ್ರಿಕ್ ಆಸಿಡ್ ಮತ್ತು ಸುಣ್ಣ ಸೇರಿ ಆಗುವ ಉಪ್ಪು ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ, ಹೊಸ ಬಿಳಿ ಪದರವಾಗಿ ತಳಕ್ಕೆ ಕೂರುತ್ತದೆ.

ಕಮೋಡಿನಲ್ಲಿ ಬಹಳ ಜನ ಮರೆಯುವ ಒಂದು ಹೆಜ್ಜೆಯಿದೆ. ಒಳಗೆ ನಿಂತ ನೀರನ್ನು ಬ್ರಷ್ಷಿನಿಂದ ತಳ್ಳಿ ಆದಷ್ಟು ಕಡಿಮೆ ಮಾಡಿಕೊಳ್ಳಿ, ಇಲ್ಲದಿದ್ದರೆ ಹಾಕಿದ ಹುಳಿ ಅಲ್ಲೇ ತೆಳುವಾಗುತ್ತದೆ. ಆಮೇಲೆ 100 ಗ್ರಾಂ ಸಿಟ್ರಿಕ್ ಆಸಿಡ್ ಸುತ್ತಲೂ ಉದುರಿಸಿ ರಾತ್ರಿ ಬಿಡಿ. ಅಂಚಿನ ಕೆಳಗೆ ನಿಲ್ಲುವುದಿಲ್ಲ, ಅಲ್ಲಿಗೆ ಟಿಶ್ಯೂ ಪೇಪರನ್ನು ಗಟ್ಟಿ ದ್ರಾವಣದಲ್ಲಿ ಅದ್ದಿ ಅಂಟಿಸಿ. ಆ ರಾತ್ರಿ ಬ್ಲೀಚಿಂಗ್ ಪೌಡರ್ ಆಗಲಿ ಬೇರೆ ಟಾಯ್ಲೆಟ್ ಕ್ಲೀನರ್ ಆಗಲಿ ಹತ್ತಿರ ಸುಳಿಯಬಾರದು.

ಪ್ರಶ್ನೆ: ಸೌದೆ ಒಲೆಯ ಬೂದಿಯಲ್ಲಿ ಎಲ್ಲ ಪಾತ್ರೆ ತಿಕ್ಕಬಹುದೇ? ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾಗಿದೆ. (ಹಾಸನ)

ಉತ್ತರ: ಸ್ಟೀಲು, ಕಬ್ಬಿಣಕ್ಕೆ ಆಗಬಹುದು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರ, ಎಣ್ಣೆಯನ್ನು ಚೆನ್ನಾಗಿ ಎತ್ತುತ್ತದೆ. ಅದೇ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಕಪ್ಪಾಗಿಸುತ್ತದೆ. ವಾಷಿಂಗ್ ಸೋಡಾಕ್ಕೂ ಇದೇ ಮಾತು, ಚಿಮಣಿಯ ಅಲ್ಯೂಮಿನಿಯಂ ಜಾಲರಿಗೂ ಹಾಕಬೇಡಿ. ಕುಕ್ಕರಿಗೆ ಕಲೆ ಮುಳುಗುವಷ್ಟು ನೀರು, ಹಿಂಡಿದ ನಾಲ್ಕೈದು ನಿಂಬೆಹೋಳು ಹಾಕಿ ಮುಚ್ಚಳವಿಡದೆ ಹತ್ತು ನಿಮಿಷ ಕುದಿಸಿ, ಬೆಳ್ಳಗಾಗುತ್ತದೆ. ಬೂದಿಯನ್ನು ಜರಡಿ ಹಿಡಿದೇ ಬಳಸಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚು, ಗೀರು ಬೀಳುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಪಾತ್ರೆಗೆ ಸಲ್ಲದು. ಸಿಂಕಿನಲ್ಲಿ ತೊಳೆದರೆ ಬೂದಿ ಪೈಪಿನ ಬಾಗಿನಲ್ಲಿ ಕುಳಿತು ಕಟ್ಟಿಕೊಳ್ಳುತ್ತದೆ, ಮೊದಲ ನೀರು ಬಕೆಟ್‌ಗೆ ಬೀಳಲಿ.

ಪ್ರಶ್ನೆ: ಸಿಂಕ್ ಕಟ್ಟಿಕೊಂಡಿದೆ. ಅಡುಗೆ ಸೋಡಾ, ವಿನೆಗರ್ ಸುರಿದರೂ ಆಗಲಿಲ್ಲ. (ಹುಬ್ಬಳ್ಳಿ)

ಉತ್ತರ: ಮೊದಲ ಉತ್ತರದಲ್ಲೇ ಕಾರಣವಿದೆ. ಪೂರ್ತಿ ಕಟ್ಟಿದ್ದರೆ ರಬ್ಬರ್ ಪ್ಲಂಜರ್, ಇಲ್ಲವೇ ಕೆಳಗಿನ ಬಾಗನ್ನು ಬಿಚ್ಚಿ ತೆಗೆಯುವುದು, ಬೇರೆ ದಾರಿಯಿಲ್ಲ. ನಿಧಾನವಾಗಿ ಇಳಿಯುತ್ತಿದ್ದರೆ 1 ಲೀಟರ್ ಬಿಸಿ ನೀರಿನಲ್ಲಿ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಸುರಿದು ಅರ್ಧ ಗಂಟೆ ಬಿಟ್ಟು, ಮತ್ತೆ ಬಿಸಿ ನೀರು. ಕುದಿನೀರು ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿ ಎರಡು ಬೆಕ್ಕುಗಳಿವೆ. ಫಿನಾಯಿಲ್ ಬಿಟ್ಟು ಮಜ್ಜಿಗೆಹುಲ್ಲಿನ ಎಣ್ಣೆ, ಟೀ ಟ್ರೀ ಎಣ್ಣೆ ಹಾಕಿ ನೆಲ ಒರೆಸಬಹುದೇ? (ಬೆಂಗಳೂರು)

ಉತ್ತರ: ಫಿನಾಯಿಲ್ ಬಿಟ್ಟದ್ದು ಒಳ್ಳೆಯದಾಯಿತು. ಆದರೆ ದಯವಿಟ್ಟು ಈ ಎಣ್ಣೆಗಳನ್ನೂ ಹಾಕಬೇಡಿ. ಇಂಥ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ನೆಲದಿಂದ ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ತೀರುತ್ತದೆ. ಟೀ ಟ್ರೀ, ಪೈನ್, ಸಿಟ್ರಸ್ ಎಣ್ಣೆಗಳು ಅದಕ್ಕೆ ವಿಷ. ಆ ಕಾರಣಕ್ಕೆ ಸಿಪ್ಪೆಯ ಎಂಜೈಮ್ ಕೂಡ ನಿಮ್ಮ ಮನೆಗೆ ಬೇಡ. ಅರ್ಧ ಬಕೆಟ್ ನೀರಿಗೆ ಊಟದ ಚಮಚದಲ್ಲಿ ಮೂರು ಚಮಚ ಅಂಟುವಾಳದ ಲಿಕ್ವಿಡ್ ಹಾಕಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿ. ಬೆಕ್ಕು ಮೂತ್ರ ಮಾಡಿದಲ್ಲಿ ಬ್ಲೀಚ್ ಹಾಕಬಾರದು. ಮೂತ್ರದ ಅಮೋನಿಯಾ ಜೊತೆ ಸೇರಿ ಉಸಿರುಕಟ್ಟಿಸುವ ಅನಿಲ ಬರುತ್ತದೆ.

ಸಾಕುಪ್ರಾಣಿಗಳಿಲ್ಲದ ಮನೆಯವರು ಮಜ್ಜಿಗೆಹುಲ್ಲಿನ ಎಣ್ಣೆ ಬಳಸುವಾಗ ಹತ್ತು ಹನಿಯನ್ನು ಮೊದಲು ಎರಡು ಚಮಚ ಗಟ್ಟಿ ಅಂಟುವಾಳದಲ್ಲಿ ಕಲಕಿ, ಆಮೇಲೆ ಬಕೆಟ್‌ಗೆ ಹಾಕಿ. ನೇರ ನೀರಿಗೆ ಬಿಟ್ಟರೆ ಮೇಲೆ ತೇಲಿ ನೆಲದಲ್ಲಿ ಒಂದೊಂದು ಕಡೆ ಜಾರುವ ಮಚ್ಚೆಯಾಗಿ ಉಳಿಯುತ್ತದೆ.

ಪ್ರಶ್ನೆ: ಮೀನು ಕತ್ತರಿಸುವ ಮಣೆಗೆ ವಿನೆಗರ್ ಹಾಕಿದರೆ ಕೀಟಾಣು ಸಾಯುತ್ತವೆಯೇ? (ಮಂಗಳೂರು)

ಉತ್ತರ: ಮೀನಿನ ವಾಸನೆ ಹೋಗುತ್ತದೆ. ಅದು ಕ್ಷಾರಗುಣದ ವಸ್ತುವಿನ ವಾಸನೆ, ಹುಣಸೆಯೋ ನಿಂಬೆಯೋ ವಿನೆಗರೋ ತಾಗಿದರೆ ಅಡಗುತ್ತದೆ. ಕೀಟಾಣುಗಳ ವಿಷಯದಲ್ಲಿ ಮಾತ್ರ ಈ ಪುಟದಲ್ಲಿ ಹೇಳಿದ ಯಾವ ಹುಳಿಯನ್ನೂ, ಅಂಟುವಾಳವನ್ನೂ ನಂಬಬೇಡಿ. ಇವು ಕೊಳೆಯನ್ನು ಎತ್ತಿ ತೊಳೆಯುತ್ತವೆ, ದಿನನಿತ್ಯದ ನೆಲ, ಪಾತ್ರೆಗೆ ಅಷ್ಟು ಸಾಕು. ಹಸಿ ಮೀನು, ಕೋಳಿಯ ಮಣೆಯನ್ನು ಬಿಸಿ ನೀರು, ಸೋಪಿನಲ್ಲಿ ಉಜ್ಜಿ ತೊಳೆದು, 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಒಂದು ಚಮಚ ವಾಸನೆ ಬೆರೆಸದ ಲಿಕ್ವಿಡ್ ಬ್ಲೀಚ್ (ಸುಮಾರು ಶೇ. 5ರದ್ದು) ಹಾಕಿದ ನೀರನ್ನು ಹಚ್ಚಿ ಕೆಲವು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗೆ ನಿಲ್ಲಿಸಿ. ಮನೆಯಲ್ಲಿ ವಾಂತಿ ಭೇದಿಯ ಕಾಯಿಲೆ ಇದ್ದಾಗ ಕಮೋಡು, ಬಚ್ಚಲಿಗೆ ಲೀಟರಿಗೆ 20 ಮಿಲಿ ಹಾಕಿ ಹತ್ತು ನಿಮಿಷ ಬಿಡಬೇಕು. ಬ್ಲೀಚ್ ನೀರನ್ನು ಆಯಾ ದಿನವೇ ಬೆರೆಸಿ, ನಾಳೆಗೆ ಅದರ ಬಲ ಇಳಿದಿರುತ್ತದೆ.

ಬ್ಲೀಚಿಗೆ ವಿನೆಗರ್, ನಿಂಬೆ ಉಪ್ಪು, ಬಯೋ ಎಂಜೈಮ್, ಕಮೋಡಿನ ಆಸಿಡ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ತಪ್ಪಿ ಬೆರೆತು ಕಣ್ಣು ಮೂಗು ಉರಿಯತೊಡಗಿದರೆ ತೊಳೆಯುತ್ತ ನಿಲ್ಲದೆ ಮೊದಲು ಹೊರಗೆ ಬನ್ನಿ.

ಪ್ರಶ್ನೆ: ಪಾತ್ರೆ, ಬಟ್ಟೆ ತೊಳೆದ ನೀರು ನಮ್ಮಲ್ಲಿ ಬಾಳೆ, ಅಡಿಕೆಗೆ ಹೋಗುತ್ತದೆ. ಉಳಿದದ್ದು ಹಿತ್ತಲ ಕೆರೆಗೆ ಸೇರುತ್ತದೆ. ಅಂಟುವಾಳ ಬಳಸಿದರೆ ಚಿಂತೆಯಿಲ್ಲವಲ್ಲ? (ತೀರ್ಥಹಳ್ಳಿ)

ಉತ್ತರ: ಗಿಡಗಳಿಗೆ ಚಿಂತೆಯಿಲ್ಲ, ಕೆರೆಗೆ ಇದೆ. ಸಪೋನಿನ್ ಮೀನಿನ ಕಿವಿರಿಗೆ ವಿಷ. ಅಂಟುವಾಳವನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ಹಿಂದೆ ಇತ್ತು. ಮಣ್ಣಿನಲ್ಲಿ ಅದು ಬೇಗ ಕೊಳೆತುಹೋಗುತ್ತದೆ. ಹಾಗಾಗಿ ಎಲ್ಲ ನೀರೂ ಮೊದಲು ಬಾಳೆಯ ಪಾತಿಗೆ ಹೋಗಿ ಇಂಗುವಂತೆ ಕಾಲುವೆ ತಿರುಗಿಸಿ, ನೇರ ಕೆರೆಗೂ ಬಾವಿಗೂ ಬಿಡಬೇಡಿ. ಮನೆಯ ಮೀನಿನ ತೊಟ್ಟಿಯನ್ನು ಅಂಟುವಾಳದಿಂದ ತೊಳೆಯುವುದೂ ಬೇಡ. ವಾಷಿಂಗ್ ಸೋಡಾ ಹಾಕಿದ ನೀರನ್ನು ಮಾತ್ರ ತೋಟಕ್ಕೆ ಬಿಡದೆ ಬೇರೆ ಗುಂಡಿಗೆ ಹಾಯಿಸಿ. ಸೋಡಿಯಂ ಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. ಕುದಿಸಿ ಹಿಂಡಿದ ಅಂಟುವಾಳದ ಚರಟ, ಎಂಜೈಮ್ ಸೋಸಿದ ಸಿಪ್ಪೆಗಳನ್ನು ಒಣ ಎಲೆಗಳ ಜೊತೆ ಗೊಬ್ಬರದ ಗುಂಡಿಗೆ ಹಾಕಬಹುದು. ಸಿಪ್ಪೆ ಹುಳಿಯಾಗಿರುವುದರಿಂದ ಹಿಡಿ ಬೂದಿ ಉದುರಿಸಿ, ಎರೆಹುಳು ಇರುವ ತೊಟ್ಟಿಗೆ ನೇರ ಹಾಕಬೇಡಿ.